ಪಟ್ಟಿಯಲ್ಲಿ ಇಪ್ಪತ್ತೆರಡನೆಯವಳು

ಗುರುಮಲ್ಲಪ್ಪನವರಿಗೆ ದಾರಿಯಲ್ಲಿ ಕಂಡದ್ದನ್ನೆಲ್ಲ ಓದುವ ಚಟ. ಅದೂ ಎಂಥ ಓದು! ಏನು ಬರೆದಿದೆ ಎಂಬುದು ಅವರಿಗೆ ಬೇಕಿಲ್ಲ, ಯಾವ ಅಕ್ಷರದಲ್ಲಿ ಬರೆದಿದೆ ಎಂಬುದಷ್ಟೇ ಬೇಕು. 'ಮನೆ ಬಾಡಿಗೆಗಿದೆ' ಎಂದು ಗೇಟಿಗೆ ನೇತುಹಾಕಿದ ಚೀಟಿಯ ಮುಂದೆ ಐದು ನಿಮಿಷ ನಿಂತು, ಒಳಗಿನಿಂದ ಮನೆಯವರು ಓಡಿ ಬಂದು "ಎಷ್ಟು ಜನ ಇದೀರಿ?" ಎಂದು ಕೇಳುವಂತೆ ಮಾಡಿ, "ನಿಮ್ಮ 'ಡಿ'ಗೆ ಹೊಟ್ಟೆ ಕಟ್ಕೊಂಡಿದೆ ಕಣ್ರೀ" ಎಂದು ಹೇಳಿ ಮುಂದಕ್ಕೆ ಹೋದ ಮನುಷ್ಯ ಅವರು. ವಿದ್ಯಾರಣ್ಯಪುರದಲ್ಲಿ ಇದನ್ನು ಬಲ್ಲವರು ಅವರನ್ನು ಕಂಡರೆ ಬೋರ್ಡಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದರು.

ತಪ್ಪು ಅವರದಲ್ಲ. ಲಷ್ಕರ್ ಮೊಹಲ್ಲಾದ ಒಂದೇ ಪ್ರೆಸ್ಸಿನಲ್ಲಿ ನಲವತ್ತು ವರ್ಷ ಅಚ್ಚುಮೊಳೆ ಜೋಡಿಸಿದ ಕಣ್ಣು ಅದು. ಸೀಸದ ಅಕ್ಷರಗಳನ್ನು ಒಂದೊಂದಾಗಿ ಗೂಡಿನಿಂದ ಹೆಕ್ಕಿ ಸಾಲು ಕಟ್ಟಿ, ಮದುವೆ, ಮುಂಜಿ, ಚುನಾವಣೆ, ನಾಟಕ ಎಲ್ಲವನ್ನೂ ಅಚ್ಚು ಹಾಕಿಸಿದವರು. ಒಂದು ದಿನ ಪ್ರೆಸ್ಸಿಗೆ ಕಂಪ್ಯೂಟರು ಬಂತು, ಇವರಿಗೆ ಶಾಲು ಬಂತು. ಶಾಲು ಹೊದೆಸಿದ ಮಾಲೀಕರು ಒಳ್ಳೆಯ ಮಾತೇ ಆಡಿದರು, ಇವರೂ ನಗುತ್ತಲೇ ಮನೆಗೆ ಬಂದರು. ಆದರೆ ಬೆಳಗ್ಗೆ ಒಂಬತ್ತು ಹೊಡೆದರೆ ಬೆರಳು ತುರಿಸುವುದು ಮಾತ್ರ ನಿಲ್ಲಲಿಲ್ಲ.

ಆ ತುರಿಕೆಗೆ ಮದ್ದು ಮಹಡಿಯ ಮೇಲೇ ಇತ್ತು. ಮೇಲಿನ ಕೋಣೆಗೆ ಬಾಡಿಗೆಗೆ ಬಂದ ಭವ್ಯಶ್ರೀ ನಂಜನಗೂಡಿನ ಕಡೆಯ ಒಕ್ಕಲು ಮನೆಯ ಹುಡುಗಿ. ಇಂಜಿನಿಯರಿಂಗ್ ಮುಗಿಸಿ, ಎರಡು ಕಂಪ್ಯೂಟರು, ಒಂದು ಸ್ಕ್ಯಾನರು, ಒಂದು ಸ್ಟವ್ ಇಟ್ಟುಕೊಂಡು ಕನ್ನಡ ಪುಟ ಕಟ್ಟುವ ಸಾಫ್ಟ್‌ವೇರು ಮಾಡುತ್ತಿದ್ದಳು. ಊರಿನ ಡಿಟಿಪಿ ಅಂಗಡಿಗಳಿಗೆಲ್ಲ ಫ್ಲಾಪಿಯಲ್ಲಿ ಹಾಕಿ ತಾನೇ ಸ್ಕೂಟಿಯ ಮೇಲೆ ಹೋಗಿ ಕೊಟ್ಟು ಬರುತ್ತಿದ್ದಳು. ಅದರಲ್ಲಿ ಇಪ್ಪತ್ತಮೂರು ಬಗೆಯ ಅಕ್ಷರ. ಒಂದೊಂದಕ್ಕೂ ತನ್ನ ಹಾಸ್ಟೆಲಿನ ಗೆಳತಿಯರ ಹೆಸರು.

ಒಮ್ಮೆ ಮೆಟ್ಟಿಲ ಮೇಲೆ ಸಿಕ್ಕ ಗುರುಮಲ್ಲಪ್ಪನವರಿಗೆ ಒಂದು ಹಾಳೆ ಕೊಟ್ಟು, "ಅಂಕಲ್, ಇದು ಹೆಂಗಿದೆ ಹೇಳಿ" ಎಂದಳು. ಅವರು ಕೆಂಪು ಪೆನ್ನು ತೆಗೆದುಕೊಂಡು ಕೂತರು. ಒಂದು ಗಂಟೆಯ ನಂತರ ಹಾಳೆ ಕುಂಕುಮಾರ್ಚನೆ ಮಾಡಿದಂತಾಗಿತ್ತು. ಭವ್ಯಶ್ರೀಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

"ಇಷ್ಟೆಲ್ಲ ಗೊತ್ತಿರೋರು ನೀವೇ ಒಂದು ಬರೆದುಕೊಡಿ ಅಂಕಲ್" ಎಂದಳು.

ಸುಮ್ಮನೆ ಅಂದ ಮಾತು. ಆದರೆ ಮಾರನೆಯ ದಿನವೇ ಗುರುಮಲ್ಲಪ್ಪನವರು ಗ್ರಾಫ್ ಹಾಳೆಯ ಕಟ್ಟು ತಂದರು. ಮೂರು ತಿಂಗಳು ಜಗಲಿಯ ಮೇಲೆ ಕೂತು ಪೆನ್ಸಿಲಿನಲ್ಲಿ ಒಂದೊಂದು ಅಕ್ಷರವನ್ನೂ ಅಂಗೈಯಗಲ ಬರೆದರು. ಮಸಿ ತುಂಬಿ ಮುಚ್ಚಿಹೋಗುವ ಹೊಟ್ಟೆಗಳನ್ನು ಬಿಡಿಸಿದರು, 'ಪ'ಕ್ಕೂ 'ಷ'ಕ್ಕೂ ನಡುವೆ ಯಾರಿಗೂ ಅನುಮಾನ ಬರದಂತೆ ನೋಡಿಕೊಂಡರು, ಒತ್ತಕ್ಷರಗಳಿಗೆ ಉಸಿರಾಡಲು ಜಾಗ ಕೊಟ್ಟರು. ಗಂಡ ಜಗಲಿ ಬಿಟ್ಟು ಏಳುವುದಿಲ್ಲವಲ್ಲ ಎಂದು ಹೆಂಡತಿ ಸರ್ವಮಂಗಳಮ್ಮ ಮೊದಲು ಗೊಣಗಿದರು, ಆಮೇಲೆ ಊಟದ ಹೊತ್ತಿಗೆ ಕೂಗುವುದಕ್ಕೆ ಸುಲಭವೇ ಆಯಿತೆಂದು ಬಿಟ್ಟರು. ಮನೆಯ ಬಾಗಿಲಲ್ಲೇ ಸಿಗುವ ಗಂಡ ಎಷ್ಟು ಮನೆಗಳಲ್ಲಿ ಇದ್ದಾನೆ ಹೇಳಿ!

ಭವ್ಯಶ್ರೀ ಅದನ್ನೆಲ್ಲ ಸ್ಕ್ಯಾನ್ ಮಾಡಿ, ಅಂಚು ತಿದ್ದಿ, ಕಂಪ್ಯೂಟರಿನ ಒಳಗಿಟ್ಟಳು. "ಹೆಸರೇನಿಡಲಿ ಅಂಕಲ್?"

ಗುರುಮಲ್ಲಪ್ಪನವರು ಮೆಟ್ಟಿಲ ಕಡೆ ಒಂದು ಸಲ ನೋಡಿ ದನಿ ತಗ್ಗಿಸಿದರು. "ಸರ್ವಮಂಗಳಾ ಅಂತ ಇಡು. ಆದ್ರೆ ಕೆಳಗೆ ಹೇಳ್ಬೇಡ."

"ಯಾಕೆ? ಆಂಟಿ ಖುಷಿ ಪಡ್ತಾರೆ."

"ಚೆನ್ನಾಗಿಲ್ಲ ಅಂತ ಯಾವನಾದ್ರೂ ಅಂದ್ಬುಟ್ರೆ? ಆಮೇಲೆ ಆ ಮನೇಲಿ ಊಟ ಮಾಡಬೇಕಾದವನು ನಾನು. ಇನ್ನೊಂದು ಮಾತು. ನಾನು ಬರೆದದ್ದು ಅಂತಾನೂ ಯಾರಿಗೂ ಹೇಳಕೂಡದು. ಲಷ್ಕರ್ ಮೊಹಲ್ಲಾ ಪೂರ್ತಿ ನನ್ನ ಕೈಕೆಳಗೆ ಕಲಿತೋರೇ ಇದಾರೆ. ಮಲ್ಲಪ್ಪನೋರದು ಅಂತ ಗೊತ್ತಾದ್ರೆ ದಾಕ್ಷಿಣ್ಯಕ್ಕೆ ಹಾಕ್ಕೋತಾರೆ. ಅದು ಬೇಡ ಮಗಾ. ಗೊತ್ತಿಲ್ಲದೋನು ಒಬ್ಬ, ಒಬ್ಬನೇ ಒಬ್ಬ ಸಾಕು, ಕಣ್ಣಲ್ಲಿ ನೋಡಿ ನನಗೆ ಇದೇ ಬೇಕು ಅನ್ನಬೇಕು. ಅಷ್ಟೇ ನನಗೆ."

ಭವ್ಯಶ್ರೀ ನಗಲಿಲ್ಲ. "ಆಯ್ತು ಅಂಕಲ್, ನನ್ನಾಣೆ" ಎಂದಳು.

ಅದು ತೊಂಬತ್ತೊಂಬತ್ತನೇ ಇಸವಿಯ ಮಳೆಗಾಲ. ಸರ್ವಮಂಗಳಾ ಫ್ಲಾಪಿಯಲ್ಲಿ ಕೂತು ಅಂಗಡಿಗಳಿಗೆ ಹೋದಳು. ಅಂದಿನಿಂದ ಗುರುಮಲ್ಲಪ್ಪನವರ ಓದಿನ ಚಟಕ್ಕೆ ಒಂದು ಗುರಿ ಬಂತು. ಬೆಳಗ್ಗೆ ತಿಂಡಿ ಮುಗಿಸಿ ಹೊರಟರೆ, ಅಂಗಡಿಯ ಬಾಗಿಲಿನ ಚೀಟಿ, ಬಸ್ ನಿಲ್ದಾಣದ ಕರಪತ್ರ, ಮದುವೆ ಛತ್ರದ ಹೊರಗೆ ಬಿದ್ದ ಲಗ್ನಪತ್ರಿಕೆ, ಹೋಟೆಲಿನ 'ಸಾಲ ಕೇಳಬೇಡಿ', ಎಲ್ಲವನ್ನೂ ಜಾಲಾಡುವರು. ಎಲ್ಲೆಲ್ಲೂ ಅರ್ಪಿತಾ. ಮದುವೆಗೂ ಅರ್ಪಿತಾ, ಮೂಲವ್ಯಾಧಿಗೂ ಅರ್ಪಿತಾ. ಅರ್ಪಿತಾ ಎಂಬುದು ಭವ್ಯಶ್ರೀಯ ಇನ್ನೊಂದು ಅಕ್ಷರ, ತೆಳ್ಳಗೆ ವಾಲಿಕೊಂಡು, ಈಗ ಬಿದ್ದೇನು ಆಗ ಬಿದ್ದೇನು ಎನ್ನುವಂತಿತ್ತು. ಎರಡು ತಿಂಗಳು ಹುಡುಕಿದರೂ ಸರ್ವಮಂಗಳಾ ಒಂದೇ ಒಂದು ಕಡೆ ಕಾಣಲಿಲ್ಲ.

ತಡೆಯಲಾರದೆ ಲಷ್ಕರ್ ಮೊಹಲ್ಲಾದ ಗೋವಿಂದರಾಜುವಿನ ಡಿಟಿಪಿ ಸೆಂಟರಿಗೆ ಹೋದರು. ಗೋವಿಂದರಾಜು ಅವರ ಹಳೆಯ ಶಿಷ್ಯ, ಮೊಳೆ ಬಿಟ್ಟು ಮೌಸು ಹಿಡಿದವನು. ಸ್ಟೂಲು ಎಳೆದು ಕೂರಿಸಿದ.

"ಅಲ್ಲಯ್ಯ ರಾಜು, ಎಲ್ಲದಕ್ಕೂ ಆ ವಾಲಿದ ಅಕ್ಷರಾನೇ ಯಾಕೆ ಹಾಕ್ತೀಯ?" ಎಂದು ಕೇಳಿದರು, ತಮಗೇನೂ ಸಂಬಂಧವಿಲ್ಲದವರಂತೆ.

"ನೋಡಿ ಯಜಮಾನ್ರೇ" ಎಂದು ಗೋವಿಂದರಾಜು ಪರದೆಯ ಮೇಲಿದ್ದ ಒಂದು ಸಣ್ಣ ಚೌಕದ ಪಕ್ಕದ ಬಾಣ ಒತ್ತಿದ. ಉದ್ದಕ್ಕೆ ಒಂದು ಪಟ್ಟಿ ಇಳಿಯಿತು. ಅದರ ತುಂಬ ಇಂಗ್ಲಿಷಿನಲ್ಲಿ ಹೆಸರುಗಳು, ಎಲ್ಲ ಒಂದೇ ಗಾತ್ರ, ಒಂದೇ ಆಕಾರ, ಶಾಲೆಯ ಹಾಜರಿ ಪುಸ್ತಕದ ಹಾಗೆ. "ಇದರಲ್ಲಿ ಯಾವಳು ದಪ್ಪ, ಯಾವಳು ಸಣ್ಣ ಅಂತ ಹೆಂಗೆ ಗೊತ್ತಾಗುತ್ತೆ? ಒಂದೊಂದನ್ನೇ ಒತ್ತಿ, ಅಕ್ಷರ ಬದಲಾಗೋವರೆಗೂ ಕಾದು, ಚೆನ್ನಾಗಿಲ್ಲ ಅಂತ ಇನ್ನೊಂದು ಒತ್ತಿ... ಗಿರಾಕಿ ತಲೆ ಮೇಲೆ ಕೂತಿರ್ತಾನೆ. ಅದಕ್ಕೇ ಮೊದಲನೇದು ಒತ್ತುಬುಡೋದು."

"ಕೆಳಗಡೆಯೋವು?"

"ಅಷ್ಟು ದೂರ ಯಾರು ಹೋಗ್ತಾರೆ ಸಾರ್!"

ಗುರುಮಲ್ಲಪ್ಪನವರು ಪಟ್ಟಿಯನ್ನು ಎಣಿಸಿದರು. ಎ ಇಂದ ಶುರುವಾಗುವ ಅರ್ಪಿತಾ ಒಂದನೆಯವಳು. ಎಸ್ ಇಂದ ಶುರುವಾಗುವ ಸರ್ವಮಂಗಳಾ ಇಪ್ಪತ್ತೆರಡನೆಯವಳು. ಅವಳನ್ನು ಕಾಣಬೇಕಾದರೆ ಪಟ್ಟಿಯನ್ನು ಇನ್ನೊಂದು ಸಲ ಕೆಳಕ್ಕೆಳೆಯಬೇಕು. ಹೆಣ್ಣು ನೋಡಲು ಬಂದವರ ಕೈಗೆ ಮತದಾರರ ಪಟ್ಟಿ ಕೊಟ್ಟ ಹಾಗಿದೆಯಲ್ಲ ಇದು ಎಂದು ಅವರಿಗೆ ಮೈ ಉರಿಯಿತು. ಗೂಡಿನ ಮುಂದೆ ನಿಂತ ಕಾಲದಲ್ಲಿ ಅಕ್ಷರದ ಮುಖ ನೋಡಿ ಕೈ ಹಾಕುತ್ತಿದ್ದರೇ ಹೊರತು ಹೆಸರು ಕೇಳಿ ಅಲ್ಲ.

ಮನೆಗೆ ಬರುವ ಹೊತ್ತಿಗೆ ಅವರ ತಲೆಯಲ್ಲಿ ಒಂದು ಉಪಾಯ ಹೊಳೆದಿತ್ತು. ಉಪಾಯ ಹೊಳೆದಾಗ ಮನುಷ್ಯ ಅದನ್ನು ಹೆಂಡತಿಗೊಮ್ಮೆ ಹೇಳಿ ನೋಡಬೇಕು. ಇವರು ನೇರವಾಗಿ ಮಹಡಿ ಹತ್ತಿದರು.

"ಭವ್ಯಾ, ಹೊಸ ಫ್ಲಾಪಿ ಯಾವಾಗ?"

"ದೀಪಾವಳಿಗೆ ಅಂಕಲ್."

"ಹಂಗಾದ್ರೆ ಆ ಹೆಸರು ತೆಗೆದುಬುಡು. ಎ ಇಂದ ಶುರುವಾಗೋ ಹೆಸರಿಡು. ಅರ್ಪಿತಾಗಿಂತ ಮೇಲೆ ಬರಬೇಕು ನೋಡು."

"ಏನಿಡಲಿ?"

ಗುರುಮಲ್ಲಪ್ಪನವರು ಒಂದು ಗಳಿಗೆಯೂ ಯೋಚಿಸಲಿಲ್ಲ. ನಲವತ್ತು ವರ್ಷ ಬೆಳಗ್ಗೆ ಪ್ರೆಸ್ಸಿನಲ್ಲಿ ಹಾಜರಿ ಕೂಗುವಾಗ ಎಲ್ಲರಿಗಿಂತ ಮೊದಲು ಕಿವಿಗೆ ಬೀಳುತ್ತಿದ್ದ ಹೆಸರು ಯಾವುದೋ ಅದೇ ಬಾಯಿಗೆ ಬಂತು. "ಅಲಮೇಲು."

ಪಾಪ, ಅಲಮೇಲು ಬೈಂಡಿಂಗ್ ವಿಭಾಗದಲ್ಲಿ ಹಾಳೆ ಮಡಿಸುತ್ತಿದ್ದ ಹೆಂಗಸು. ಅವಳಿಗೂ ಇವರಿಗೂ ಹಾಜರಿ ಪುಸ್ತಕ ಬಿಟ್ಟರೆ ಇನ್ನೊಂದು ಸಂಬಂಧವಿರಲಿಲ್ಲ. ಆದರೆ ಇದನ್ನು ನಂಬಬೇಕಾದವರು ನಾವಲ್ಲವಲ್ಲ.

ದೀಪಾವಳಿ ಕಳೆದು ಹದಿನೈದು ದಿನಕ್ಕೆ ಮೈಸೂರು ಬದಲಾಯಿತು. ಗುರುಮಲ್ಲಪ್ಪನವರು ಮಾರ್ಕೆಟ್ಟಿಗೆ ಕಾಲಿಟ್ಟರೆ ಅವರದೇ ಅಕ್ಷರ ಎದ್ದು ಬಂದು ನಮಸ್ಕಾರ ಹೇಳುತ್ತಿತ್ತು. 'ಟ್ಯೂಷನ್ ಹೇಳಿಕೊಡಲಾಗುವುದು' ಅವರ ಅಕ್ಷರದಲ್ಲಿ. 'ಬಿಳಿ ನಾಯಿಮರಿ ಕಳೆದಿದೆ' ಅವರ ಅಕ್ಷರದಲ್ಲಿ. 'ಇಲ್ಲಿ ಮೂತ್ರ ಮಾಡಬಾರದು' ಕೂಡ ಅವರ ಅಕ್ಷರದಲ್ಲೇ, ಅದರ ಕೆಳಗೆ ಒಬ್ಬ ಮಾಡುತ್ತಿದ್ದ. ಅವನನ್ನೂ ಕ್ಷಮಿಸುವಷ್ಟು ಸಂತೋಷದಲ್ಲಿದ್ದರು ಅವರು. ಮನೆಗೆ ಬರುವಾಗ ದಿನವೂ ಏನಾದರೊಂದು ತರುವರು, ಒಂದು ದಿನ ಮೈಸೂರು ಪಾಕು, ಒಂದು ದಿನ ಮೈಸೂರು ಮಲ್ಲಿಗೆ. ಸರ್ವಮಂಗಳಮ್ಮನಿಗೆ ಆಗಲೇ ಅನುಮಾನ ಬರಬೇಕಿತ್ತು. ಅವರು ಹೂ ಮುಡಿದುಕೊಂಡು ಸುಮ್ಮನಿದ್ದರು.

ಒಂದು ಭಾನುವಾರ ಬೆಳಗ್ಗೆ ಸರ್ವಮಂಗಳಮ್ಮ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದರು. ಗುರುಮಲ್ಲಪ್ಪನವರು ಪಕ್ಕದಲ್ಲಿ ಪೇಪರು ಓದುತ್ತಿದ್ದರು. ಹೊರಗೆ ಸ್ಕೂಟಿ ನಿಲ್ಲಿಸಿ ಭವ್ಯಶ್ರೀ ಕುಣಿಯುತ್ತ ಬಂದಳು.

"ಅಂಕಲ್! ಉದಯಗಿರೀಲೂ ನಿಮ್ಮ ಅಲಮೇಲುನೇ! ಅರ್ಪಿತಾನ ಕೇಳೋರೇ ಇಲ್ಲ!"

ಅವರೆಕಾಯಿ ಬಿಡಿಸುವ ಸದ್ದು ನಿಂತಿತು.

"ಯಾರ ಅಲಮೇಲು?" ಎಂದರು ಸರ್ವಮಂಗಳಮ್ಮ. ಬಹಳ ಮೆತ್ತಗೆ ಕೇಳಿದರು. ಮೆತ್ತಗಿದ್ದದ್ದೇ ಅಪಾಯ.

ಭವ್ಯಶ್ರೀಗೆ ತನ್ನ ಆಣೆ ನೆನಪಾಯಿತು, ಆದರೆ ಆ ಕಣ್ಣಿನ ಮುಂದೆ ಯಾವ ಆಣೆ ನಿಲ್ಲುತ್ತದೆ? ಅವಳು ಎಲ್ಲವನ್ನೂ ಹೇಳಿಬಿಟ್ಟಳು. ಮೂರು ತಿಂಗಳ ಗ್ರಾಫ್ ಹಾಳೆ, ಮೊದಲು ಇಟ್ಟ ಹೆಸರು, ಪಟ್ಟಿ, ಇಪ್ಪತ್ತೆರಡನೇ ಸ್ಥಾನ, ಆಮೇಲೆ ಇಟ್ಟ ಹೆಸರು.

"ಅಂದ್ರೆ" ಎಂದರು ಸರ್ವಮಂಗಳಮ್ಮ, "ನನ್ನ ಹೆಸರು ಇಟ್ಟಾಗಲೂ ನನಗೆ ಹೇಳಲಿಲ್ಲ, ಕಿತ್ತಾಗಲೂ ಹೇಳಲಿಲ್ಲ. ಕಿತ್ತು ಅವಳನ್ನ ತಂದು ಕೂರಿಸಿದ್ರಿ. ಮೊದಲನೇ ಸ್ಥಾನದಲ್ಲಿ."

"ಹಾಜರಿ ಪುಸ್ತಕದಲ್ಲಿ ಅವಳದೇ ಮೊದಲು ಕಣೇ..."

"ಹಾಜರಿ ಪುಸ್ತಕ!" ಎಂದು ಮೊರ ಎತ್ತಿಕೊಂಡು ಒಳಗೆ ಹೋದರು.

ಅಂದಿನಿಂದ ಆ ಮನೆಯಲ್ಲಿ ಸಾರಿಗೆ ಉಪ್ಪಿರಲಿಲ್ಲ, ಹೆಂಡತಿಯ ಬಾಯಲ್ಲಿ ಮಾತಿರಲಿಲ್ಲ. ದಿನಕ್ಕೆರಡು ಸಲ ಒಳಗಿನಿಂದ ಒಂದೇ ಒಂದು ವಾಕ್ಯ ಬರುತ್ತಿತ್ತು. "ಊಟಕ್ಕೆ ಏಳ್ತೀರೋ ಇಲ್ವೋ?" ಇವರು ಏಳುತ್ತಿದ್ದರು, ಉಣ್ಣುತ್ತಿದ್ದರು, ಉಪ್ಪು ಕೇಳುವ ಧೈರ್ಯವಾಗಲಿಲ್ಲ.

ಮನೆಯಲ್ಲಿ ಹೀಗಾದ ಮೇಲೆ ಹೊರಗಾದರೂ ಸಮಾಧಾನ ಸಿಗಲೆಂದು ಗೋವಿಂದರಾಜುವಿನ ಅಂಗಡಿಗೆ ಹೋದರು. ಅವನು ಗೃಹಪ್ರವೇಶದ ಕಾರ್ಡೊಂದನ್ನು ಮಾಡುತ್ತಿದ್ದ, ಅಲಮೇಲುವಿನಲ್ಲೇ.

"ಈ ಅಕ್ಷರ ನಿನಗೆ ಬಹಳ ಹಿಡಿಸಿಬುಟ್ಟಿದೆ ಅಂತ ಕಾಣುತ್ತೆ" ಎಂದರು, ಆಸೆಯಿಂದ.

"ಯಾವ ಅಕ್ಷರ ಸಾರ್?"

"ಇದೇ, ಈಗ ಹಾಕಿರೋದು."

ಗೋವಿಂದರಾಜು ಪರದೆಯನ್ನು ಮೊದಲ ಬಾರಿಗೆ ನೋಡುವವನಂತೆ ಬಗ್ಗಿ ನೋಡಿದ. "ಓ, ಬದಲಾಗಿದೆ ಅಲ್ವಾ? ಗಮನಿಸಿರಲಿಲ್ಲ ನೋಡಿ. ಮೊದಲನೇದು ಒತ್ತೋದಷ್ಟೇ ಯಜಮಾನ್ರೇ."

ಗುರುಮಲ್ಲಪ್ಪನವರು ಆ ದಿನ ಬಸ್ಸು ಹತ್ತದೆ ನಡೆದೇ ಮನೆಗೆ ಬಂದರು. ದಾರಿಯುದ್ದಕ್ಕೂ ಅವರ ಅಕ್ಷರಗಳೇ, ಒಂದನ್ನೂ ಅವರು ನಿಂತು ನೋಡಲಿಲ್ಲ. ಊರಿಗೆ ಊರೇ ಹಾಕಿಕೊಂಡಿತ್ತು, ಒಬ್ಬನೂ ಆರಿಸಿಕೊಂಡಿರಲಿಲ್ಲ. ಇದಕ್ಕಾಗಿ ಹೆಂಡತಿಯ ಹೆಸರನ್ನು ಕಿತ್ತೆಸೆದೆನಲ್ಲ ಎಂದು ಅವರಿಗೆ ನಾಚಿಕೆಯಾಯಿತು. ನಿಜವಾಗಿ ನಾಚಿಕೆಯಾಯಿತು.

ನೇರವಾಗಿ ಮಹಡಿ ಹತ್ತಿ, "ಭವ್ಯಾ, ಮೊದಲಿದ್ದ ಹೆಸರೇ ಇಡು, ಇದ್ದ ಜಾಗಕ್ಕೇ ಕಳಿಸು" ಎಂದರು. "ಆದ್ರೆ ಒಂದು ಕೆಲಸ ಮಾಡಕ್ಕಾಗುತ್ತಾ ನೋಡು. ಪಟ್ಟಿ ಇಳಿಯುತ್ತಲ್ಲ, ಅಲ್ಲಿ ಬರೀ ಹೆಸರು ಬೇಡ. ಮುಖ ತೋರಿಸು. ಪ್ರತಿಯೊಂದೂ ಅದರದೇ ಅಕ್ಷರದಲ್ಲಿ ಕಾಣಲಿ. ಆಮೇಲೆ ಯಾರಿಗೆ ಯಾವುದು ಬೇಕೋ ಆರಿಸ್ಕೊಳ್ಳಲಿ, ಬೇಡದಿದ್ರೆ ಬಿಡಲಿ."

"ನಾನೂ ಒಂದ್ಸಲ ಮಾಡಿ ನೋಡಿದ್ದೆ ಅಂಕಲ್" ಎಂದು ಭವ್ಯಶ್ರೀ ಕುರ್ಚಿ ತಿರುಗಿಸಿದಳು. "ಎರಡು ತಾಪತ್ರಯ. ಇಪ್ಪತ್ತನಾಲ್ಕು ಅಕ್ಷರಾನೂ ಒಟ್ಟಿಗೆ ಬರಿ ಅಂದ್ರೆ ಈ ಮಷೀನು ಏದುಸಿರು ಬಿಡುತ್ತೆ, ಪಟ್ಟಿ ತೆರೆಯೋಷ್ಟರಲ್ಲಿ ಕಾಫಿ ಕುಡಿದು ಬರಬಹುದು. ಇನ್ನೊಂದು, ಹೆಸರು ಇರೋದು ಇಂಗ್ಲಿಷಲ್ಲಿ. ಅದನ್ನ ನಮ್ಮ ಅಕ್ಷರದಲ್ಲಿ ತೋರಿಸು ಅಂದ್ರೆ ಏನೇನೋ ಒದರುತ್ತೆ. ನೋಡಿ."

ಪರದೆಯ ಮೇಲೆ ಅರ್ಪಿತಾ ಇರಬೇಕಾದ ಜಾಗದಲ್ಲಿ ಒಂದು ಸೊನ್ನೆ, ಎರಡು ಒತ್ತು, ತಲೆಯಿಲ್ಲದ ಒಂದು ಕೊಂಬು ಬಿದ್ದಿದ್ದವು. ಮೊಳೆಯ ಗೂಡು ಕೈಜಾರಿ ನೆಲಕ್ಕೆ ಬಿದ್ದಾಗ ಹೀಗೇ ಕಾಣುತ್ತಿತ್ತೆಂದು ಗುರುಮಲ್ಲಪ್ಪನವರಿಗೆ ನೆನಪಾಯಿತು.

"ಹಂಗಾದ್ರೆ ಹೆಸರು ಪಕ್ಕದಲ್ಲಿ ಸಣ್ಣಕ್ಕೆ ಇರಲಿ. ಎದುರಿಗೆ ಒಂದು ಕನ್ನಡದ ಮಾತು ಬರಲಿ. ಎಲ್ಲದಕ್ಕೂ ಒಂದೇ ಮಾತು. ಆಗ ತಾನೆ ಹೋಲಿಸಿ ನೋಡಕ್ಕಾಗೋದು?"

"ಯಾವ ಮಾತು ಅಂಕಲ್? ಅದರಲ್ಲಿ ಒತ್ತೂ ಇರಬೇಕು, ದೀರ್ಘವೂ ಇರಬೇಕು, ಚಿಕ್ಕದಾಗೂ ಇರಬೇಕು."

ಇಬ್ಬರೂ ಯೋಚಿಸುತ್ತ ಕೂತರು. ಗುರುಮಲ್ಲಪ್ಪನವರು ದೇವರ ಹೆಸರು ಹೇಳಿದರು, ಯಾವ ದೇವರು ಎಂಬಲ್ಲಿ ಗಿರಾಕಿಗಳಿಗೆ ಜಗಳವಾದೀತೆಂದು ಭವ್ಯಶ್ರೀ ಬೇಡವೆಂದಳು. ಅವಳು ಊರಿನ ಹೆಸರು ಹೇಳಿದಳು, ಒತ್ತಕ್ಷರವಿಲ್ಲವೆಂದು ಇವರು ಬೇಡವೆಂದರು. ಅಷ್ಟರಲ್ಲಿ ಕೆಳಗಿನಿಂದ ದನಿ ಬಂತು.

"ಊಟಕ್ಕೆ ಏಳ್ತೀರೋ ಇಲ್ವೋ?"

ಗುರುಮಲ್ಲಪ್ಪನವರು ಅಭ್ಯಾಸದಂತೆ ಎದ್ದರು. ಅರ್ಧ ಎದ್ದವರು ಹಾಗೇ ನಿಂತರು. ಬೆರಳು ಮಡಿಸುತ್ತ ಎಣಿಸಿದರು. "ಊ ಇದೆ. ಟ ಇದೆ. ಕ್ಕೆ ಒತ್ತು. ಳ್ತೀ ದೀರ್ಘಾನೂ ಒತ್ತೂ. ಲ್ವೋ... ಭವ್ಯಾ, ಅಕ್ಷರ ಎಲ್ಲೆಲ್ಲಿ ಹದಗೆಡುತ್ತೋ ಎಲ್ಲ ಇದರಲ್ಲಿದೆ ಕಣಮ್ಮ! ಬರ್ಕೋ!"

ಭವ್ಯಶ್ರೀ ಹೊಟ್ಟೆ ಹಿಡಿದುಕೊಂಡು ನಗುತ್ತಲೇ ಟೈಪು ಮಾಡಿದಳು. ಮಷೀನಿನ ಏದುಸಿರಿಗೂ ಒಂದು ವಾರದಲ್ಲಿ ದಾರಿ ಕಂಡುಹಿಡಿದಳು. ಆ ವಾಕ್ಯವನ್ನು ಇಪ್ಪತ್ತನಾಲ್ಕು ಅಕ್ಷರದಲ್ಲೂ ಮೊದಲೇ ಬರೆಸಿ, ಪುಟ್ಟ ಚಿತ್ರಗಳನ್ನಾಗಿ ತೆಗೆದಿಟ್ಟಳು. ಪಟ್ಟಿ ಇಳಿದಾಗ ಹೊಸದಾಗಿ ಬರೆಯುವ ಕೆಲಸವಿಲ್ಲ, ಚಿತ್ರ ತೋರಿಸಿದರಾಯಿತು.

ಮುಗಿದ ದಿನ ಅವಳೇ ಕೆಳಗಿಳಿದು ಸರ್ವಮಂಗಳಮ್ಮನನ್ನು ಬಲವಂತವಾಗಿ ಮಹಡಿಗೆ ಕರೆದುಕೊಂಡು ಬಂದಳು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದ ಅವರು ಪರದೆಯ ಮುಂದೆ ನಿಂತರು. ಪಟ್ಟಿ ಇಳಿಯಿತು. ಊಟಕ್ಕೆ ಏಳ್ತೀರೋ ಇಲ್ವೋ. ಊಟಕ್ಕೆ ಏಳ್ತೀರೋ ಇಲ್ವೋ. ದಪ್ಪಗೆ, ಸಣ್ಣಗೆ, ವಾಲಿಕೊಂಡು, ಬಳುಕಿಕೊಂಡು, ಇಪ್ಪತ್ತನಾಲ್ಕು ಸಲ ಅವರದೇ ಮಾತು.

"ಅಯ್ಯೋ ಶಿವನೇ, ಇದನ್ನ ಊರೋರೆಲ್ಲ ನೋಡ್ತಾರಾ?" ಎಂದು ಬಾಯಿಗೆ ಸೆರಗಿಟ್ಟುಕೊಂಡರು. ನಗು ತಡೆಯಲಾಗಲಿಲ್ಲ. ಅಷ್ಟೂ ದಿನದ ಬಿಗುಮಾನವೆಲ್ಲ ಅದರಲ್ಲೇ ಕೊಚ್ಚಿಹೋಯಿತು. ನಗು ನಿಂತ ಮೇಲೆ ಹತ್ತಿರ ಬಗ್ಗಿ, ಪಟ್ಟಿಯ ಮೇಲಿಂದ ಕೆಳಗೆ ಬೆರಳು ತಂದು ಒಂದು ಕಡೆ ನಿಲ್ಲಿಸಿದರು. "ಇದು ನಿಮ್ಮದು."

"ಹೆಸರು ಇಂಗ್ಲಿಷಲ್ಲಿದೆ, ಹೆಂಗೆ ಗೊತ್ತಾಯ್ತು?"

"ಮದುವೆಯಾದಾಗಿಂದ ಸಾಮಾನು ಚೀಟಿ ಬರೆದುಕೊಡ್ತಿರೋದು ಯಾರು? ಈ 'ಳ' ನೋಡಿದ್ರೆ ನನಗೆ ತೊಗರಿಬೇಳೆ ನೆನಪಾಗುತ್ತೆ." ಆಮೇಲೆ ಗಂಡನ ಮುಖ ನೋಡಿ ಹೇಳಿದರು, "ಇಪ್ಪತ್ತೆರಡನೇದಾದ್ರೂ ಚಿಂತೆ ಇಲ್ಲ, ನನ್ನ ಹೆಸರೇ ಇರಲಿ. ಅವಳು ಇಳೀಲಿ."

ಅಂದಿನ ಸಾರಿಗೆ ಉಪ್ಪು ಬಿತ್ತು. ಸ್ವಲ್ಪ ಹೆಚ್ಚೇ ಬಿತ್ತು.

ಸಂಕ್ರಾಂತಿಯ ಹೊತ್ತಿಗೆ ಹೊಸ ಫ್ಲಾಪಿ ಅಂಗಡಿಗಳಿಗೆ ಹೋಯಿತು. ಗೋವಿಂದರಾಜುವಿಗೆ ಮಾತ್ರ ಪೀಕಲಾಟ. ಮೊದಲು 'ಮಾಡ್ಕೊಡಿ' ಎಂದು ಹೇಳಿ ಹೋಗುತ್ತಿದ್ದ ಗಿರಾಕಿಗಳು ಈಗ ಕುರ್ಚಿ ಎಳೆದುಕೊಂಡು ಕೂತು ಪಟ್ಟಿ ನೋಡುತ್ತಿದ್ದರು. ಗಂಡಿನ ಕಡೆಯವರಿಗೆ ಒಂದು, ಹೆಣ್ಣಿನ ಕಡೆಯವರಿಗೆ ಇನ್ನೊಂದು. "ಸೀರೆ ಅಂಗಡಿ ಆಗೋಗಿದೆ ಸಾರ್ ನನ್ನ ಸೆಂಟರು" ಎಂದು ಗುರುಮಲ್ಲಪ್ಪನವರ ಹತ್ತಿರ ದೂರು ಹೇಳಿದ. ಅವರಿಗೆ ಅದಕ್ಕಿಂತ ಸಿಹಿ ಸುದ್ದಿ ಇರಲಿಲ್ಲ. ಆದರೆ ಜನ ಆರಿಸುತ್ತಿದ್ದದ್ದು ಬಳುಕುವ ಲಾಸ್ಯಳನ್ನು, ಬಾಲ ಬಿಟ್ಟ ವನಜಳನ್ನು. ಒಂದು ತಿಂಗಳಾಯಿತು, ಎರಡು ತಿಂಗಳಾಯಿತು. ಎಲ್ಲರ ಕಣ್ಣೂ ಇಪ್ಪತ್ತೆರಡನೆಯವಳ ಮೇಲೆ ಹಾದು ಹೋಗುತ್ತಿತ್ತು, ಯಾವ ಕಣ್ಣೂ ನಿಲ್ಲುತ್ತಿರಲಿಲ್ಲ. ಈಗ ಪಟ್ಟಿಯ ಮೇಲೆ ತಪ್ಪು ಹೊರಿಸುವ ಹಾಗೂ ಇರಲಿಲ್ಲ. ಅವರು ಬೀದಿಯಲ್ಲಿ ಓದುವುದನ್ನೇ ಕಡಿಮೆ ಮಾಡಿದರು. ಇದನ್ನು ಕಂಡು ಸರ್ವಮಂಗಳಮ್ಮನಿಗೆ ಸಂಕಟವಾಯಿತು.

ಶಿವರಾತ್ರಿ ಕಳೆದ ವಾರ ಗೋವಿಂದರಾಜುವಿನ ಮೇಜಿನ ಮೇಲೆ ಕಾರ್ಡುಗಳ ಒಂದು ಕಟ್ಟು ಕೂತಿತ್ತು. ಗುರುಮಲ್ಲಪ್ಪನವರು ಸುಮ್ಮನೆ ಕಣ್ಣು ಹಾಯಿಸಿದರು. ಕಣ್ಣು ಅಲ್ಲೇ ನಿಂತಿತು. ಕಟ್ಟಿನೊಳಗಿಂದ ಒಂದನ್ನು ಎಳೆದರು. ಅವರದೇ 'ಶ್ರೀ', ಅವರದೇ 'ಮ್ಮ', ಅವರದೇ ಬಿಡಿಸಿದ ಹೊಟ್ಟೆಗಳು.

"ರಾಜು, ಇದನ್ನ ನೀನು ಆರಿಸಿದ್ದಾ?"

"ನಾನೆಲ್ಲಿ! ಗಿರಾಕೀನೇ ಕೂತು ಆರಿಸಿದ್ದು. ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ, ಅರ್ಧ ಗಂಟೆ ನೋಡಿದ. ಕಡೆಗೆ ಇದೇ ಬೇಕು ಅಂದ. ಬೇರೇದು ತೋರಿಸಿದ್ರೂ ಕೇಳಲಿಲ್ಲ."

ಇದೇ ಬೇಕು. ಗುರುಮಲ್ಲಪ್ಪನವರ ಮುಖ ತುಂಬ ನಗು ಹರಡಿತು. ಹಲ್ಲು ಕಟ್ಟಿಸಿಕೊಂಡ ಮೇಲೆ ಅಷ್ಟು ಅಗಲ ಅವರು ನಕ್ಕಿರಲಿಲ್ಲ.

"ಯಜಮಾನ್ರೇ, ಅದು ತಿಥಿ ಕಾರ್ಡು" ಎಂದ ಗೋವಿಂದರಾಜು ಮೆಲ್ಲಗೆ. "ಉದಯಗಿರಿಯ ಮೆಕ್ಯಾನಿಕ್ ಮಹದೇವು ಅಂತ. ಅವರವ್ವ ಹೋಗ್ಬುಟ್ರು."

ನಗು ಅಲ್ಲೇ ಸತ್ತಿತು. ಕಾರ್ಡನ್ನು ಓದಿದರು. ಈ ಸಲ ಏನು ಬರೆದಿದೆ ಎಂದು ಓದಿದರು. ಶ್ರೀಮತಿ ದೇವಿರಮ್ಮನವರು ದೈವಾಧೀನರಾದ ಕಾರಣ, ಹನ್ನೊಂದನೇ ದಿನದ ತಿಥಿ, ಬರುವ ಸೋಮವಾರ.

ಒಂದು ಕಾರ್ಡು ಕೇಳಿ ಇಸಿದುಕೊಂಡು ಮನೆಗೆ ಬಂದರು. ಸರ್ವಮಂಗಳಮ್ಮ ಬಾಗಿಲಲ್ಲೇ ತಡೆದರು. ಸಾವಿನ ಕಾಗದವನ್ನು ಹೊರಗೇ ಓದಿ ಹರಿದು ಹಾಕಬೇಕು, ಮನೆಯೊಳಗೆ ಇಡಬಾರದು, ಅದು ಅವರ ತವರಿನಿಂದ ಬಂದ ನೇಮ.

"ಹರಿಯಕ್ಕಾಗಲ್ಲ ಕಣೇ. ಇದೊಂದೇ ಇರೋದು ನನಗೆ."

"ಹಂಗಂತ ಒಳಗೆ ತರ್ತೀರಾ?"

ಕೊನೆಗೆ ಕಾರ್ಡು ಕಾಂಪೌಂಡ್ ಗೋಡೆಯ ಮೇಲೆ ಒಂದು ಇಟ್ಟಿಗೆಯ ಕೆಳಗೆ ಕೂತಿತು. ಸಂಜೆಯೊಳಗೆ ಗುರುಮಲ್ಲಪ್ಪನವರು ಗಿಡಕ್ಕೆ ನೀರು ಹಾಕುವ ನೆಪದಲ್ಲಿ ಐದು ಸಲ ಹೊರಗೆ ಹೋಗಿ ಬಂದರು. ಅಷ್ಟು ನೀರು ಆ ಗಿಡಗಳು ಮಳೆಗಾಲದಲ್ಲೂ ಕುಡಿದಿರಲಿಲ್ಲ.

ಸೋಮವಾರ ಬೆಳಗ್ಗೆ ಅವರು ಬಿಳಿ ಪಂಚೆ ಉಟ್ಟು ಹೊರಟರು. "ಗುರುತಿಲ್ಲ ಪರಿಚಯವಿಲ್ಲ, ಯಾರದೋ ತಿಥಿಗೆ ಹೋಗ್ತೀರಲ್ಲ, ಏನಂತ ಹೇಳ್ತೀರಿ?" ಎಂದರು ಸರ್ವಮಂಗಳಮ್ಮ.

"ಯಾಕೆ ಆರಿಸಿದ ಅಂತ ತಿಳ್ಕೋಬೇಕು. ಇಲ್ಲದಿದ್ರೆ ನನಗೆ ನಿದ್ದೆ ಬರಲ್ಲ."

ಒಬ್ಬರನ್ನೇ ಕಳಿಸಿದರೆ ಅಲ್ಲಿ ಏನು ಮಾತಾಡಿ ಬರುತ್ತಾರೋ ಎಂದು ಅವರೂ ಸೀರೆ ಬದಲಿಸಿಕೊಂಡು ಜೊತೆಗೆ ಹೊರಟರು. ಗೋಡೆಯ ಮೇಲಿದ್ದ ಕಾರ್ಡನ್ನು ಗುರುಮಲ್ಲಪ್ಪನವರು ಜುಬ್ಬದ ಜೇಬಿಗೆ ಹಾಕಿಕೊಂಡರು.

ಉದಯಗಿರಿಯ ಆ ಬೀದಿಯಲ್ಲಿ ಗ್ಯಾರೇಜಿನ ಮುಂದೆಯೇ ಶಾಮಿಯಾನ ಹಾಕಿದ್ದರು. ಒಳಗೆ ಮುದುಕಿಯ ಫೋಟೋ, ದೊಡ್ಡ ಕನ್ನಡಕ, ದೊಡ್ಡ ಕುಂಕುಮ. ತಲೆ ಬೋಳಿಸಿಕೊಂಡಿದ್ದ ಮಹದೇವು ಬಂದವರನ್ನೆಲ್ಲ ಕೈಮುಗಿದು ಕೂರಿಸುತ್ತಿದ್ದ. ಇವರನ್ನು ಕಂಡು ಯಾವ ಕಡೆಯ ನೆಂಟರೋ ಎಂದು ಗೊತ್ತಾಗದೆ, ಆದರೂ ಕೈಮುಗಿದ.

"ನಾನು ಅಚ್ಚಿನ ಕೆಲಸದೋನಪ್ಪ" ಎಂದರು ಗುರುಮಲ್ಲಪ್ಪನವರು. "ನಿಮ್ಮ ಕಾರ್ಡು ಗೋವಿಂದರಾಜು ಅಂಗಡೀಲಿ ನೋಡಿದೆ. ಒಂದು ಮಾತು ಕೇಳ್ಬೇಕಿತ್ತು, ತಪ್ಪು ತಿಳೀಬೇಡಿ. ಅಷ್ಟೊಂದು ಅಕ್ಷರ ಇದ್ವಲ್ಲ, ಇದನ್ನೇ ಯಾಕೆ ಆರಿಸಿದ್ರಿ?"

ಮಹದೇವು ಇಬ್ಬರಿಗೂ ಕುರ್ಚಿ ಎಳೆದು ಹಾಕಿದ. ಹನ್ನೊಂದು ದಿನದಿಂದ ಬಂದವರೆಲ್ಲ 'ಹೇಗೆ ಹೋದರು, ಯಾವ ಆಸ್ಪತ್ರೆ' ಎಂದೇ ಕೇಳಿದ್ದರು. ಇದನ್ನು ಯಾರೂ ಕೇಳಿರಲಿಲ್ಲ.

"ಅವ್ವ ಓದಕ್ಕೆ ಕಲ್ತಿದ್ದು ಐವತ್ತು ದಾಟಿದ ಮ್ಯಾಕೆ ಸಾ" ಎಂದ. "ನಮ್ಮೂರಲ್ಲಿ ದೊಡ್ಡೋರ ಸ್ಕೂಲು ಅಂತ ಮಾಡಿದ್ರು, ಅಲ್ಲಿ ಕಲ್ತಳು. ಕಲ್ತ ಮ್ಯಾಕೆ ಬುಡ್ತಾಳಾ? ಬಸ್ಸಲ್ಲಿ ಕೂತ್ರೆ ದಾರೀಲಿರೋ ಬೋರ್ಡೆಲ್ಲ ಜೋರಾಗಿ ಓದೋಳು. ನಂಗೆ ಮಾನ ಹೋಗೋದು. ಆಮೇಲೆ ಕಣ್ಣು ಮಂಜಾಯ್ತು. ಕಾಗದ ಮೂಗಿನತ್ರ ಇಟ್ಕೊಂಡು, ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು, ಇದು ಏನ್ಲಾ, ಇದು ಏನ್ಲಾ ಅಂತ ಕೇಳೋಳು. ಕಡೆಕಡೇಗೆ ಕೇಳೋದೂ ಬುಟ್ಬುಟ್ಳು."

ಅವನು ಟವಲಿನಿಂದ ಮುಖ ಒರೆಸಿಕೊಂಡ.

"ಅಂಗಡೀಲಿ ಆ ಪಟ್ಟಿ ನೋಡ್ತಿದ್ನಾ, ಎಲ್ಲಾ ಚೆಂದಾಗೇ ಇದ್ವು. ಇದೊಂದರ ಮುಂದೆ ಬಂದಾಗ ಅನ್ನಿಸ್ತು, ಇದಾದ್ರೆ ಅವ್ವ ಓದೋಳು. ಯಾರನ್ನೂ ಕೇಳ್ದೇನೇ ಓದೋಳು. ಅಷ್ಟೇಯ ಸಾ. ಎಂಗಿದೆ, ಚೆಂದಾಗಿಲ್ವಾ?"

ಸರ್ವಮಂಗಳಮ್ಮನಿಗೆ ತಡೆಯಲಾಗಲಿಲ್ಲ. "ಅದು ಇವರೇ..." ಎಂದು ಶುರು ಮಾಡಿದರು. ಗುರುಮಲ್ಲಪ್ಪನವರು ಅವರ ಕೈ ಹಿಡಿದು ಒತ್ತಿದರು.

"ಬಹಳ ಚೆನ್ನಾಗಿದೆ ಕಣಪ್ಪ" ಎಂದರು. "ಸರಿಯಾಗೇ ಆರಿಸಿದ್ದೀಯ."

ಊಟಕ್ಕೆ ಕೂರಲೇಬೇಕೆಂದು ಮಹದೇವು ಬಿಡಲಿಲ್ಲ. ಗಂಡಹೆಂಡತಿ ಇಬ್ಬರೂ ಕೂತು ವಡೆ ಪಾಯಸ ಉಂಡು, ಫೋಟೋಗೆ ಕೈಮುಗಿದು ಹೊರಟರು. ಬಸ್ ನಿಲ್ದಾಣದವರೆಗೆ ನಡೆದರು. ಅಲ್ಲಿ ಹುಣಸೆ ಮರದ ನೆರಳಿನಲ್ಲಿ ನಿಂತಾಗ ಸರ್ವಮಂಗಳಮ್ಮ, "ರೀ, ಆ ಕಾರ್ಡು ಇಟ್ಕೊಳ್ಳಿ. ಒಳಗೇ ಇಟ್ಕೊಳ್ಳಿ. ನಾನೇನೂ ಅನ್ನಲ್ಲ" ಎಂದರು.

ಗುರುಮಲ್ಲಪ್ಪನವರು ಜೇಬಿನಿಂದ ಕಾರ್ಡು ತೆಗೆದರು. ಮೂಗಿನ ಹತ್ತಿರ ಹಿಡಿದುಕೊಂಡು, ಮೊದಲ ಅಕ್ಷರದ ಮೇಲೆ ಬೆರಳಿಟ್ಟು, ಗಟ್ಟಿಯಾಗಿ ಓದತೊಡಗಿದರು. ನಿಲ್ದಾಣದಲ್ಲಿದ್ದವರು ತಿರುಗಿ ನೋಡಿದರು. ಅವರು ನಿಲ್ಲಿಸಲಿಲ್ಲ. ಒಂದೊಂದು ಅಕ್ಷರಕ್ಕೂ ಬೆರಳಿಡುತ್ತ, ಎಲ್ಲೂ ತಡವರಿಸದೆ, ಯಾರನ್ನೂ ಏನೂ ಕೇಳದೆ, ಕೊನೆಯ ಸಾಲಿನವರೆಗೂ ಓದಿದರು. ಆಮೇಲೆ ಕಾರ್ಡನ್ನು ನಾಲ್ಕು ತುಂಡು ಮಾಡಿ ಮರದ ಬುಡದಲ್ಲಿ ಇಟ್ಟರು.

"ಯಾಕ್ರೀ ಹರಿದುಬುಟ್ರಿ?" ಎಂದರು ಸರ್ವಮಂಗಳಮ್ಮ ಗಾಬರಿಯಾಗಿ.

"ಓದಾಯ್ತಲ್ಲ ಕಣೇ" ಎಂದರು ಗುರುಮಲ್ಲಪ್ಪನವರು. ಅವರ ಕಣ್ಣು ತುಂಬಿತ್ತು, ಮುಖ ನಗುತ್ತಿತ್ತು. "ಯಾರು ಓದಬೇಕಿತ್ತೋ ಅವರು ಓದಾಯ್ತು."